ಬ್ಯೂಸೆಫಲಾಂಡ್ರ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

"ಎಲೆಯೆಲ್ಲ ಕರಗಿಹೋಯಿತು, ಗಿಡ ಸತ್ತಿತಾ?" ಅಕ್ವೇರಿಯಂನಲ್ಲಿ ಸಾಕುವ ಈ ಗಿಡದ ಬಗ್ಗೆ ನನ್ನನ್ನು ಕೇಳುವವರು ಹೆಚ್ಚಾಗಿ ಇಲ್ಲಿಂದಲೇ ಶುರು ಮಾಡುತ್ತಾರೆ. ಬಹುಶಃ ಸತ್ತಿಲ್ಲ. ಎಸೆಯಬೇಡಿ. ಅದರ ಉತ್ತರ ಕೆಳಗಡೆ ಉದ್ದಕ್ಕೆ ಬರೆದಿದ್ದೇನೆ, ಅವಸರ ಇದ್ದವರು ನೇರ ಅಲ್ಲಿಗೇ ಹೋಗಿ. ಪುರುಸೊತ್ತು ಇದ್ದವರು ಮೊದಲಿನಿಂದ ಓದಿ.

ಇದು ಯಾವ ಗಿಡ? ಹೆಸರು ಯಾಕೆ ಹೀಗೆ ನಾಲಿಗೆ ಹೊರಳದ ಹಾಗಿದೆ?

ಬೋರ್ನಿಯೋ ದ್ವೀಪ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ತಾನಾಗಿ ಬೆಳೆಯದ ಗಿಡ ಇದು. ಕುಟುಂಬ ನಮಗೆ ಗೊತ್ತಿರುವುದೇ, ಕೆಸುವಿನದು. ಆದರೆ ಕೆಸುವಿನ ಎಲೆ ಆನೆ ಕಿವಿಯಷ್ಟಾದರೆ, ನಾವು ಅಕ್ವೇರಿಯಂನಲ್ಲಿ ಸಾಕುವ ಬ್ಯೂಸೆಫಲಾಂಡ್ರದ ಎಲೆ ಬೆರಳಿನುದ್ದ ಇದ್ದರೆ ದೊಡ್ಡದು. ಕೆಲವು ಬಗೆಗಳದ್ದು ಉಗುರಿನಷ್ಟೇ.

1858ರಲ್ಲಿ ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಹೈನ್ರಿಶ್ ವಿಲ್ಹೆಲ್ಮ್ ಶಾಟ್ ಈ ಹೆಸರು ಕೊಟ್ಟರು. ಗ್ರೀಕ್ ಭಾಷೆಯಲ್ಲಿ ಎತ್ತು, ತಲೆ, ಗಂಡು ಅನ್ನುವ ಮೂರು ಪದ ಸೇರಿಸಿ ಮಾಡಿದ್ದು. ಹೂವಿನ ಗಂಡು ಭಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ಎರಡು ಕೊಂಬಿರುವ ಪುಟ್ಟ ಎತ್ತಿನ ತಲೆಯ ಹಾಗೆ ಕಾಣುತ್ತದೆ, ಅದಕ್ಕೆ. ಅಲೆಕ್ಸಾಂಡರನ ಕುದುರೆ ಬ್ಯೂಸೆಫಲಸ್ ಇತ್ತಲ್ಲ, ಅದರ ಹೆಸರೂ ಇದೇ ಎತ್ತಿನ ತಲೆಯಿಂದ ಬಂದದ್ದು. ಸಾಕುವವರು ಇಷ್ಟುದ್ದ ಹೇಳುವುದಿಲ್ಲ, 'ಬ್ಯೂಸ್' ಅಂತಾರೆ. ನಾನೂ ಇನ್ನು ಹಾಗೇ ಬರೆಯುತ್ತೇನೆ.

ಯಾಕಿಷ್ಟು ನಿಧಾನ? ನನ್ನದು ಎರಡು ತಿಂಗಳಿಂದ ಹಾಗೇ ಇದೆ.

ಅದು ಹುಟ್ಟಿದ ಜಾಗ ನೋಡಿದರೆ ಅರ್ಥ ಆಗುತ್ತದೆ. ಕಾಡಿನ ಒಳಗಿನ ಹಳ್ಳಗಳು, ಜೋರಾಗಿ ಹರಿಯುವ ನೀರು, ಆ ನೀರಿನ ಬದಿಯ ಬಂಡೆ. ಬ್ಯೂಸ್ ಆ ಬಂಡೆಗೆ ಕಚ್ಚಿಕೊಂಡು ಬದುಕುತ್ತದೆ. ಮಳೆ ಬಂದಾಗ ಪೂರ್ತಿ ಮುಳುಗುತ್ತದೆ, ನೀರು ಇಳಿದಾಗ ಗಾಳಿಗೆ ತೆರೆದುಕೊಳ್ಳುತ್ತದೆ. ಹೀಗೆ ಹರಿವ ನೀರಿನ ಹೊಡೆತಕ್ಕೆ ಒಗ್ಗಿದ ಗಿಡಗಳಿಗೆ ರಿಯೋಫೈಟ್ ಅನ್ನುತ್ತಾರೆ. ಬಂಡೆಯ ಮೇಲೆ ಮಣ್ಣಿಲ್ಲ, ಮರಗಳ ನೆರಳಲ್ಲಿ ಬಿಸಿಲು ಕಡಿಮೆ, ಮೇಲಿಂದ ಪ್ರವಾಹ. ಇಂಥ ಜಾಗದಲ್ಲಿ ಸರಸರ ಬೆಳೆದು ಮೆತ್ತಗಿನ ಎಲೆ ಬಿಡುವ ಗಿಡ ಮೊದಲ ಮಳೆಗೇ ಹರಿದುಹೋಗುತ್ತದೆ. ಬ್ಯೂಸ್ ಹಾಗಲ್ಲ. ಒಂದೊಂದೇ ಎಲೆ ಮಾಡುತ್ತದೆ, ಗಟ್ಟಿಯಾಗಿ ಮಾಡುತ್ತದೆ, ಮಾಡಿದ್ದನ್ನು ತುಂಬಾ ದಿನ ಉಳಿಸಿಕೊಳ್ಳುತ್ತದೆ.

ನನ್ನ ತೊಟ್ಟಿಯಲ್ಲಿ ಎಲ್ಲ ಚೆನ್ನಾಗಿರುವಾಗ ಒಂದು ಕುಡಿಗೆ ಮೂರು ವಾರಕ್ಕೊಂದು ಎಲೆ ಬಂದರೆ ಖುಷಿ ಪಡುತ್ತೇನೆ. ಇನ್ನೊಂದು ಸಣ್ಣ ತೊಟ್ಟಿಯಲ್ಲಿ ಸಿಓಟೂ (ಇಂಗಾಲದ ಡೈಆಕ್ಸೈಡ್ ಅನಿಲ) ಕೊಡುವುದಿಲ್ಲ, ಅಲ್ಲಿ ತಿಂಗಳೂ ಮೀರುತ್ತದೆ. ಎರಡು ತಿಂಗಳಿಂದ ಎಲೆ ಉದುರದೆ 'ಹಾಗೇ ಇದೆ' ಅಂದರೆ ಅದು ಒಳ್ಳೆಯ ಸುದ್ದಿ. ಮೇಲೆ ಸುಮ್ಮನಿದ್ದಾಗಲೇ ಕೆಳಗೆ ಬೇರು ಬಿಟ್ಟು ಕಲ್ಲು ಹಿಡಿಯುತ್ತಿರುತ್ತದೆ.

ಹೇಗೆ ನೆಡಬೇಕು?

ನೆಡಬಾರದು! ಇದರ ಕಾಂಡ ಶುಂಠಿಯ ಹಾಗೆ ಅಡ್ಡಡ್ಡ ಹರಿಯುತ್ತದೆ, ಅದಕ್ಕೆ ರೈಜೋಮ್ ಅನ್ನುತ್ತಾರೆ. ಈ ರೈಜೋಮ್ ಮರಳಿನೊಳಗೆ ಹೂತರೆ ಗಾಳಿಯಾಡದೆ ಕೊಳೆಯುತ್ತದೆ. ಎಲೆ ಇರುವ ಕಡೆಯಿಂದ ಕೊಳೆತ ವಾಸನೆ ಬರುವ ಹೊತ್ತಿಗೆ ಅರ್ಧ ಗಿಡ ಹೋಗಿರುತ್ತದೆ.

ಕಲ್ಲಿಗೋ ಕಟ್ಟಿಗೆಗೋ ಕಟ್ಟಿ, ಇಲ್ಲ ಅಂಟಿಸಿ. ಹತ್ತಿ ದಾರ ಆದರೆ ಕೆಲವು ವಾರದಲ್ಲಿ ಕೊಳೆತು ತಾನೇ ಬಿಟ್ಟುಹೋಗುತ್ತದೆ, ಅಷ್ಟರಲ್ಲಿ ಬೇರು ಕಚ್ಚಿಕೊಂಡಿದ್ದರೆ ಸರಿ. ಆದರೆ ಬ್ಯೂಸ್ ವಿಷಯದಲ್ಲಿ ಆ 'ಅಷ್ಟರಲ್ಲಿ' ಅನ್ನುವುದನ್ನು ನಂಬಬೇಡಿ. ಮೀನು ಹಿಡಿಯುವ ನೈಲಾನ್ ದಾರ ಕೊಳೆಯುವುದಿಲ್ಲ, ಕಣ್ಣಿಗೂ ಅಷ್ಟಾಗಿ ಕಾಣುವುದಿಲ್ಲ. ತುಂಬಾ ಬಿಗಿಯಬೇಡಿ, ರೈಜೋಮ್ ಮೇಲೆ ಗೀರು ಬಿದ್ದ ಜಾಗದಿಂದಲೇ ಕೊಳೆ ಶುರುವಾಗುತ್ತದೆ. ಕಲ್ಲಿನ ಸಂದಿಯಲ್ಲಿ ಸುಮ್ನೆ ಸಿಕ್ಕಿಸಿದರೂ ನಡೆಯುತ್ತದೆ. ನಿಜ ಹೇಳಬೇಕೆಂದರೆ ನನಗೆ ಅದೇ ಇಷ್ಟ.

ಬೇರು ಮರಳಿಗೆ ಇಳಿದರೆ ತೊಂದರೆ ಇಲ್ಲ. ರೈಜೋಮ್ ಮೇಲಿರಬೇಕು, ಅಷ್ಟೇ.

ಸೂಪರ್ ಗ್ಲೂ ಹಾಕಿದರೆ ಮೀನು ಸಾಯುವುದಿಲ್ಲವಾ?

ಇಲ್ಲ. ಸಯನೋಅಕ್ರಿಲೇಟ್ ಅಂತ ಬರೆದಿರುವ ಅಂಟು ತೆಗೆದುಕೊಳ್ಳಿ, ಜೆಲ್ ಆದರೆ ಹರಿಯದೆ ಇದ್ದಲ್ಲೇ ನಿಲ್ಲುತ್ತದೆ. ಇದು ತೇವ ತಗುಲಿದರೇ ಗಟ್ಟಿಯಾಗುವ ಅಂಟು. ಹಾಗಾಗಿ ನೀರಿಗೆ ಹಾಕಿದ ಕೂಡಲೇ ಕಲ್ಲಾಗುತ್ತದೆ, ಆಮೇಲೆ ನೀರಿಗೆ ಏನೂ ಬಿಡುವುದಿಲ್ಲ. ಕಲ್ಲನ್ನು ಬಟ್ಟೆಯಲ್ಲಿ ಒರೆಸಿ, ಒಂದೆರಡು ಚುಕ್ಕೆ ಹಾಕಿ, ರೈಜೋಮಿನ ತಳ ಅಥವಾ ಬೇರು ಒತ್ತಿ ಹಿಡಿಯಿರಿ. ಹೊಸ ಎಲೆ ಬರುವ ತುದಿಗೆ ಮಾತ್ರ ಅಂಟು ತಾಗಬಾರದು. ಬೆಳ್ಳಗೆ ಕಲೆ ಕಾಣುತ್ತದೆ, ಸ್ವಲ್ಪ ದಿನಕ್ಕೆ ಅದರ ಮೇಲೆ ಪಾಚಿ ಬಂದು ಮುಚ್ಚುತ್ತದೆ. ನಿಮ್ಮ ಬೆರಳಿಗೂ ಗಿಡ ಅಂಟಿಕೊಳ್ಳುವುದು ಗ್ಯಾರಂಟಿ.

ಬೆಳಕು ಎಷ್ಟು ಬೇಕು?

ಕಡಿಮೆ ಸಾಕು. ಮಧ್ಯಮ ಆದರೆ ಇನ್ನೂ ಒಳ್ಳೆಯದು. ದಿನಕ್ಕೆ 6ರಿಂದ 8 ಗಂಟೆ, ಟೈಮರ್ ಹಾಕಿ. ಬೆಳಕು ಜಾಸ್ತಿ ಕೊಟ್ಟರೆ ಬೇಗ ಬೆಳೆಯುತ್ತದೆ ಅನ್ನುವ ಲೆಕ್ಕ ಇಲ್ಲಿ ತಪ್ಪುತ್ತದೆ. ಹೆಚ್ಚಿನ ಬೆಳಕನ್ನು ಬಳಸಿಕೊಳ್ಳುವಷ್ಟು ವೇಗ ಈ ಗಿಡಕ್ಕಿಲ್ಲ, ಪಾಚಿಗಿದೆ. ತೊಟ್ಟಿಯಲ್ಲಿ ಬೆಳಕು ಬೇಡುವ ಬೇರೆ ಗಿಡಗಳಿದ್ದರೆ ಬ್ಯೂಸನ್ನು ಅವುಗಳ ನೆರಳಿಗೋ, ಕಟ್ಟಿಗೆಯ ಕೆಳಗೋ ಇಡಿ. ಕಿಟಕಿ ಬಿಸಿಲು ನೇರ ಬೀಳುವ ತೊಟ್ಟಿಯಲ್ಲಿ ಇದನ್ನು ಸಾಕುವ ಆಸೆ ಬಿಟ್ಟುಬಿಡಿ.

ಸಿಓಟೂ ಸಿಲಿಂಡರ್ ಬೇಕೇ ಬೇಕಾ?

ಬೇಕೇ ಬೇಕು ಅಂತಿಲ್ಲ. ಇದ್ದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಈ ಅನಿಲ ಹರಡುವುದು ಸುಮಾರು 10,000 ಪಟ್ಟು ನಿಧಾನ, ಆದ್ದರಿಂದ ಮುಳುಗಿದ ಎಲೆಗೆ ಯಾವಾಗಲೂ ಇಂಗಾಲದ ಬರ. ಸಿಲಿಂಡರ್ ಇರುವವರು ಸುಮಾರು 30 ಪಿಪಿಎಂವರೆಗೆ, ಅಂದರೆ ಲೀಟರ್ ನೀರಿಗೆ 30 ಮಿಲಿಗ್ರಾಂವರೆಗೆ, ಹೋಗುತ್ತಾರೆ. ಅದಕ್ಕಿಂತ ಮೇಲೆ ಹೋದರೆ ಮೀನು ಮೇಲ್ಮೈಗೆ ಬಂದು ಬಾಯಿ ಬಿಡಲು ಶುರು ಮಾಡುತ್ತವೆ. ರಾತ್ರಿ ಬೆಳಕು ಆರಿದಾಗ ಸಿಓಟೂ ಕೂಡ ನಿಲ್ಲಿಸಿ.

ಸಿಲಿಂಡರ್ ಇಲ್ಲದವರು ನೀರಿನ ಓಟ ಸರಿ ಮಾಡಿಕೊಳ್ಳಿ. ಹರಿಯುವ ನೀರಿನ ಗಿಡ ಇದು. ಎಲೆ ಸಣ್ಣಗೆ ಅಲುಗಾಡುವಷ್ಟು ನೀರು ತಾಗುತ್ತಿದ್ದರೆ ಇರುವ ಅಲ್ಪ ಸಿಓಟೂ, ಅಲ್ಪ ಗೊಬ್ಬರ ಎರಡೂ ಎಲೆಗೆ ಮುಟ್ಟುತ್ತವೆ, ಕಸವೂ ಕೂರುವುದಿಲ್ಲ. ನೀರು ನಿಂತ ಮೂಲೆಯಲ್ಲಿ ಇಟ್ಟು, ಮೇಲಿಂದ ದುಬಾರಿ ಲೈಟ್ ಹಾಕಿ, ಬೆಳೆಯುತ್ತಿಲ್ಲ ಅನ್ನುವವರನ್ನು ಎಷ್ಟು ಜನ ನೋಡಿದ್ದೇನೋ.

ನೀರು ಹೇಗಿರಬೇಕು?

22ರಿಂದ 28 ಡಿಗ್ರಿ ಸೆಲ್ಸಿಯಸ್, ಪಿಎಚ್ 6ರಿಂದ 7.5, ಮೆದುವಿನಿಂದ ಮಧ್ಯಮ ಗಡಸು. ಈ ಅಂಕಿಗಿಂತ ಸ್ವಲ್ಪ ಆಚೀಚೆ ಆದರೂ ಬದುಕುತ್ತದೆ. ಬ್ಯೂಸಿಗೆ ಆಗದಿರುವುದು ಏರಿಳಿತ. ಪಿಎಚ್ 7.6 ಇರುವ ನೀರಲ್ಲಿ ಒಗ್ಗಿ ಕೂತಿದ್ದರೆ ಅದನ್ನು 6.5ಕ್ಕೆ ಇಳಿಸಲು ಹೋಗಿ ಬಾಟಲಿ ಔಷಧಿ ಸುರಿಯಬೇಡಿ.

ಬೇಸಿಗೆಯಲ್ಲಿ 30 ದಾಟಿದರೆ ಕಷ್ಟ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಕೊಳೆಸುವ ಬ್ಯಾಕ್ಟೀರಿಯಾಗೆ ಹಬ್ಬ. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ, ನೀರೂ ಆವಿಯಾಗಿ ಇಳಿಯುತ್ತದೆ, ತುಂಬಿಸುತ್ತಿರಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ.

ತಂದು ವಾರ ಆಗಿಲ್ಲ, ಎಲೆಗಳೆಲ್ಲ ಕರಗುತ್ತಿವೆ. ಗಿಡ ಸತ್ತಿತಾ?

ಎಲೆ ನೋಡಬೇಡಿ, ರೈಜೋಮ್ ಮುಟ್ಟಿ ನೋಡಿ. ಬೆರಳಲ್ಲಿ ಮೆಲ್ಲಗೆ ಒತ್ತಿ. ಗಟ್ಟಿ ಇದ್ದರೆ, ಒಳಗೆ ಹಸಿರೋ ಕೆಂಪೋ ಇದ್ದರೆ, ಗಿಡ ಜೀವಂತ. ಒಂದೂ ಎಲೆ ಇಲ್ಲದಿದ್ದರೂ ಜೀವಂತ. ಮೆತ್ತಗೆ ಪಿಚಕ್ಕನೆ ಅಮುಕಿದರೆ, ಕಂದು ನೀರು ಬಂದರೆ, ವಾಸನೆ ಹೊಡೆದರೆ ಅಷ್ಟು ಭಾಗ ಹೋಯಿತು ಅಂತ ಅರ್ಥ. ಹೊಸ ಬ್ಲೇಡಿನಲ್ಲಿ ಗಟ್ಟಿ ಭಾಗ ಸಿಗುವವರೆಗೂ ಕತ್ತರಿಸಿ ಎಸೆಯಿರಿ. ಉಳಿದದ್ದು ಬೆರಳುಗುರಿನಷ್ಟೇ ಇದ್ದರೂ ಇಟ್ಟುಕೊಳ್ಳಿ.

ಕರಗಲು ಕಾರಣ ಹಲವು. ನರ್ಸರಿಗಳು ಬ್ಯೂಸನ್ನು ಹೆಚ್ಚಾಗಿ ನೀರಿನ ಹೊರಗೆ, ತೇವದ ಗಾಳಿಯಲ್ಲಿ ಬೆಳೆಸುತ್ತವೆ. ಅಲ್ಲಿ ಬಂದ ಎಲೆ ಗಾಳಿಗೆ ತಕ್ಕ ಎಲೆ. ನೀರಿಗೆ ಹಾಕಿದಾಗ ಗಿಡ ಅದನ್ನು ಬಿಟ್ಟು, ನೀರಿಗೆ ತಕ್ಕ ಹೊಸ ಎಲೆ ಮಾಡಬೇಕು. ಇನ್ನೊಂದು ಕಾರಣ ಪ್ರಯಾಣ: ಪೊಟ್ಟಣದಲ್ಲಿ ನಾಲ್ಕೈದು ದಿನ ಕತ್ತಲೆ, ಸೆಕೆ. ಮೂರನೆಯದು ಹೊಸ ತೊಟ್ಟಿ. ತೊಟ್ಟಿಯಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅದಕ್ಕೆ ಮುಂಚೆ ಹಾಕಿದ ಬ್ಯೂಸ್ ಕರಗುವುದೇ ಜಾಸ್ತಿ. ನಾಲ್ಕನೆಯದು ದ್ರವ ಇಂಗಾಲ ಅಂತ ಮಾರುವ ಬಾಟಲಿ. ಅದರಲ್ಲಿರುವುದು ಹೆಚ್ಚಾಗಿ ಗ್ಲುಟರಾಲ್ಡಿಹೈಡ್, ಅಂದರೆ ಆಸ್ಪತ್ರೆಯಲ್ಲಿ ಉಪಕರಣ ಶುದ್ಧ ಮಾಡಲು ಬಳಸುವ ರಾಸಾಯನಿಕ. ಅಳತೆ ಮೀರಿದರೆ ಪಾಚಿ ಜೊತೆ ಗಿಡವೂ ಹೋಗುತ್ತದೆ.

ಈಗ ಏನು ಮಾಡಬೇಕು? ಕರಗಿದ ಎಲೆಗಳನ್ನು ಬುಡದಿಂದ ತೆಗೆಯಿರಿ, ಇಲ್ಲದಿದ್ದರೆ ಅದೇ ಕೊಳೆತು ಅಮೋನಿಯಾ ಆಗುತ್ತದೆ. ಆಮೇಲೆ ಕೈ ತೊಳೆದುಕೊಂಡು ದೂರ ಹೋಗಿ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ಸಲ ತಂದ ಗಿಡದಲ್ಲಿ ಎಂಟು ಎಲೆ ಇತ್ತು, ಹತ್ತು ದಿನದಲ್ಲಿ ಏಳು ಹೋದವು. ಜಾಗ ಸರಿಯಿಲ್ಲ ಅಂತ ಕಿತ್ತು ಬೇರೆ ಕಡೆ ಅಂಟಿಸಿದೆ. ಬೆಳಕು ಸಾಲದು ಅಂತ ಎರಡು ಗಂಟೆ ಹೆಚ್ಚಿಸಿದೆ. ಹಸಿದಿದೆ ಅಂತ ಗೊಬ್ಬರ ಎರಡು ಪಟ್ಟು ಹಾಕಿದೆ. ಎಂಟನೆಯ ಎಲೆಯೂ ಹೋಯಿತು. ತಲೆ ಕೆಟ್ಟು ಆ ಬೋಳು ತುಂಡನ್ನು ಹಿಂದಿನ ಕಲ್ಲಿನ ಸಂದಿಗೆ ತುರುಕಿ ಮರೆತುಬಿಟ್ಟೆ. ಎರಡೂವರೆ ತಿಂಗಳ ಮೇಲೆ ಗಾಜು ಉಜ್ಜುವಾಗ ನೋಡುತ್ತೇನೆ, ಕಲ್ಲಿನ ಹಿಂದೆ ಮೂರು ಚಿಗುರು, ಸಾಸಿವೆ ಕಾಳಿನಷ್ಟು! ಆ ಗಿಡ ಇವತ್ತೂ ಅಲ್ಲೇ ಇದೆ, ಎದುರಿಗೆ ತರುವ ಧೈರ್ಯ ನನಗಿಲ್ಲ.

ಎಲೆ ಮೇಲೆ ಕಪ್ಪು ಕೂದಲಿನ ಹಾಗೆ ಪಾಚಿ. ಏನು ಮಾಡಲಿ?

ನಿಧಾನ ಬೆಳೆಯುವ ಗಿಡ ಅಂದಮೇಲೆ ಈ ತಲೆನೋವು ಇದ್ದೇ ಇದೆ. ಬೇಗ ಬೆಳೆಯುವ ಗಿಡದ ಹಳೆ ಎಲೆಗೆ ಪಾಚಿ ಬಂದರೆ ಕತ್ತರಿಸಿದರಾಯಿತು. ಇಲ್ಲಿ ಒಂದು ಎಲೆ ಆರೇಳು ತಿಂಗಳು ಅಲ್ಲೇ ಇರುತ್ತದೆ, ಪಾಚಿಗೆ ಅದಕ್ಕಿಂತ ಒಳ್ಳೆಯ ಮನೆ ಬೇಕಾ?

ನೀವು ಹೇಳುತ್ತಿರುವುದು ಕಪ್ಪು ಗಡ್ಡದ ಪಾಚಿ. ನೋಡಲು ಕಪ್ಪಾದರೂ ಅದು ಕೆಂಪು ಪಾಚಿಗಳ ಗುಂಪಿನದು, ಸತ್ತಾಗ ಗುಲಾಬಿಯಾಗಿ ತನ್ನ ಕುಲ ತೋರಿಸುತ್ತದೆ. ಸಿಓಟೂ ದಿನಕ್ಕೊಂದು ಥರ ಇದ್ದರೆ, ಕೊಳೆ ಜಾಸ್ತಿ ಆದರೆ ಬರುತ್ತದೆ. ಮೂಲ ಅಲ್ಲಿ ಸರಿಮಾಡಿ. ಈಗ ಇರುವುದಕ್ಕೆ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಗಿಡ ಕಲ್ಲಿನ ಸಮೇತ ಹೊರಗೆ ತೆಗೆಯಲು ಆದರೆ ತೆಗೆದು, ಬ್ರಷ್‌ನಲ್ಲಿ ಪಾಚಿ ಇರುವ ಜಾಗಕ್ಕಷ್ಟೇ ಸವರಿ, ಒಂದೆರಡು ನಿಮಿಷ ಬಿಟ್ಟು ತೊಳೆದು ವಾಪಸ್ ಇಡಿ. ತೆಗೆಯಲು ಆಗದಿದ್ದರೆ ಫಿಲ್ಟರ್ ನಿಲ್ಲಿಸಿ, ಸಿರಿಂಜ್‌ನಲ್ಲಿ ಪಾಚಿಯ ಮೇಲೇ ಬಿಡಿ, ಹತ್ತು ನಿಮಿಷದ ನಂತರ ಫಿಲ್ಟರ್ ಹಾಕಿ. 10 ಲೀಟರ್ ನೀರಿಗೆ ಒಟ್ಟು 3 ಮಿಲಿಲೀಟರ್ ಮೀರಬೇಡಿ, ಸೀಗಡಿ ಇದ್ದರೆ ಇನ್ನೂ ಕಡಿಮೆ. ಒಂದೇ ದಿನ ಎಲ್ಲ ಎಲೆಗೂ ಹೊಡೆಯಬೇಡಿ, ವಾರಕ್ಕೆ ಎರಡು ಮೂರು ಎಲೆ ಸಾಕು.

ಎಲೆ ಮೇಲೆ ಗಟ್ಟಿ ಹಸಿರು ಚುಕ್ಕೆ ಇದ್ದರೆ ಅದು ಬೇರೆ ಪಾಚಿ. ಬೆಳಕು ಜಾಸ್ತಿ, ಫಾಸ್ಫೇಟ್ ಕಡಿಮೆ ಇರುವ ತೊಟ್ಟಿಯಲ್ಲಿ ಹೆಚ್ಚು. ನೆರೈಟ್ ಬಸವನಹುಳು ಇದನ್ನು ಸ್ವಲ್ಪ ಮಟ್ಟಿಗೆ ಕೆರೆದು ತಿನ್ನುತ್ತದೆ. ಆದರೆ ಕಂಡಕಂಡಲ್ಲಿ ಎಳ್ಳಿನಂಥ ಬಿಳಿ ಮೊಟ್ಟೆ ಅಂಟಿಸುತ್ತದೆ. ಅವು ಸಿಹಿನೀರಿನಲ್ಲಿ ಮರಿಯಾಗುವುದಿಲ್ಲ, ಉದುರುವುದೂ ಇಲ್ಲ! ಮೆತ್ತಗಿನ ಪಾಚಿ ತಿನ್ನುವುದರಲ್ಲಿ ಅಮಾನೋ ಸೀಗಡಿಯಷ್ಟು ದುಡಿಯುವ ಆಳು ಇನ್ನೊಂದಿಲ್ಲ.

ಗೊಬ್ಬರ?

ದ್ರವ ಗೊಬ್ಬರ, ಸ್ವಲ್ಪ. ಬೇರು ಮರಳಲ್ಲಿ ಇಲ್ಲದ ಕಾರಣ ಮರಳಿಗೆ ತುರುಕುವ ಮಾತ್ರೆಯಿಂದ ಇದಕ್ಕೆ ಏನೂ ಸಿಗದು. ಎಲೆ ಮತ್ತು ತೆರೆದ ಬೇರಿನಿಂದ ನೀರಲ್ಲಿ ಇರುವುದನ್ನೇ ಹೀರುತ್ತದೆ. ಮೀನಿರುವ ತೊಟ್ಟಿಯಲ್ಲಿ ನೈಟ್ರೇಟ್ ಹೇಗೂ ಇರುತ್ತದೆ. ಕೊರತೆ ಬೀಳುವುದು ಸಾಮಾನ್ಯವಾಗಿ ಪೊಟ್ಯಾಸಿಯಂ, ಆಗ ಹಳೆ ಎಲೆಗಳಲ್ಲಿ ಸೂಜಿ ಚುಚ್ಚಿದ ಹಾಗೆ ತೂತು. ಹೊಸ ಎಲೆ ಬೆಳ್ಳಗೆ ಬಂದರೆ ಕಬ್ಬಿಣ. ಬಾಟಲಿ ಮೇಲೆ ಬರೆದ ಅಳತೆಯ ಅರ್ಧದಿಂದ ಶುರು ಮಾಡಿ, ಒಂದು ತಿಂಗಳು ಅದನ್ನೇ ಮುಂದುವರಿಸಿ, ಆಮೇಲೆ ಬರುವ ಹೊಸ ಎಲೆ ನೋಡಿ ತೀರ್ಮಾನಿಸಿ. ಹಳೆ ಎಲೆಯ ತೂತು ಯಾವ ಗೊಬ್ಬರ ಹಾಕಿದರೂ ಮುಚ್ಚುವುದಿಲ್ಲ.

ಮೀನು, ಸೀಗಡಿ ತಿಂದು ಹಾಕುತ್ತವಾ?

ಎಲೆ ಗಟ್ಟಿ. ಜೊತೆಗೆ ಕೆಸುವಿನ ಕುಟುಂಬದ ಗಿಡಗಳಲ್ಲಿ ಸಾಮಾನ್ಯವಾಗಿ ತುರಿಕೆ ತರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಹಾಗಾಗಿ ಬಹಳ ಮೀನುಗಳಿಗೆ ರುಚಿಸುವುದಿಲ್ಲ. ಟೆಟ್ರಾ, ರಾಸ್ಬೋರಾ, ಗಪ್ಪಿ, ಸೀಗಡಿ, ಎಲ್ಲವೂ ಸೈ. ಗೋಲ್ಡ್‌ಫಿಶ್ ಮತ್ತು ದೊಡ್ಡ ಸಿಕ್ಲಿಡ್‌ಗಳು ತಿನ್ನದಿದ್ದರೂ ಎಳೆದು ಕೀಳುತ್ತವೆ. ಕಲ್ಲು ಕೆರೆಯುವ ಪ್ಲೆಕೋ ಜಾತಿಯವು ಎಲೆಯನ್ನೂ ಕೆರೆದು ಜರಡಿ ಮಾಡಿಬಿಡಬಹುದು.

ಸೀಗಡಿ ತೊಟ್ಟಿಗೆ ಹಾಕುವ ಮುಂಚೆ ಒಂದು ಎಚ್ಚರಿಕೆ. ದೂರದಿಂದ ಬರುವ ಗಿಡಗಳಿಗೆ ಕೀಟನಾಶಕ ಹೊಡೆದಿರುವುದುಂಟು. ಮೀನಿಗೆ ಏನೂ ಆಗದ ಪ್ರಮಾಣ ಸೀಗಡಿಯನ್ನು ರಾತ್ರೋರಾತ್ರಿ ಮುಗಿಸುತ್ತದೆ. ಹೊಸ ಗಿಡವನ್ನು ಬೇರೆ ಬಕೆಟ್‌ನಲ್ಲಿ ಒಂದೆರಡು ವಾರ ಇಟ್ಟು, ದಿನ ಬಿಟ್ಟು ದಿನ ನೀರು ಚೆಲ್ಲಿ ಬದಲಿಸಿ. ಬೇಡದ ಬಸವನಹುಳುಗಳೂ ಆಗಲೇ ಕಣ್ಣಿಗೆ ಬೀಳುತ್ತವೆ.

ಹೂ ಬಿಡುತ್ತದಂತೆ, ನಿಜವಾ?

ನಿಜ, ಅದೂ ನೀರೊಳಗೇ! ಬಿಳಿ ಅಥವಾ ತಿಳಿ ಗುಲಾಬಿ ಬಣ್ಣದ ಸಣ್ಣ ದೋಣಿಯಂಥ ಹೊದಿಕೆ, ನಡುವೆ ದಿಂಡು, ಕೆಸುವಿನ ಹೂವಿನದೇ ಅಚ್ಚು, ಬೆರಳ ತುದಿಯಷ್ಟು. ನೀರೊಳಗೆ ಬೀಜ ಕಟ್ಟುವ ಆಸೆ ಇಟ್ಟುಕೊಳ್ಳಬೇಡಿ. ಹೂ ಬಂತೆಂದರೆ ಗಿಡ ನಿಮ್ಮ ತೊಟ್ಟಿಗೆ ಒಗ್ಗಿದೆ ಅಂತ ಜನ ಸಂಭ್ರಮಿಸುತ್ತಾರೆ, ಆದರೆ ಹೊಸದಾಗಿ ತಂದ ಗಿಡ ಗಾಬರಿಯಲ್ಲಿ ಹೂ ಬಿಟ್ಟು ಆಮೇಲೆ ಎಲೆ ಉದುರಿಸಿದ್ದನ್ನೂ ನೋಡಿದ್ದೇನೆ.

ಒಂದನ್ನು ಎರಡು ಮಾಡುವುದು ಹೇಗೆ, ಯಾವಾಗ?

ರೈಜೋಮ್ ಕತ್ತರಿಸಿ. ಕತ್ತರಿಗಿಂತ ಬ್ಲೇಡ್ ಮೇಲು, ಕತ್ತರಿ ಹಿಸುಕುತ್ತದೆ. ಪ್ರತಿ ತುಂಡಿನಲ್ಲೂ ನಾಲ್ಕೈದು ಎಲೆ, ಸ್ವಲ್ಪ ಬೇರು ಇರಲಿ. ಕತ್ತರಿಸಿದ ಮೇಲೆ ಹಿಂದಿನ ತುಂಡಿನ ಪಕ್ಕದ ಕಣ್ಣುಗಳು ಎಚ್ಚೆತ್ತು ಹೊಸ ಕುಡಿ ಬಿಡುತ್ತವೆ. ತುದಿ ಇರುವವರೆಗೂ ಅವು ಮಲಗಿರುತ್ತವೆ, ಹೂಗಿಡದ ತುದಿ ಚಿವುಟಿದಾಗ ಪಕ್ಕದಲ್ಲಿ ಕವಲು ಒಡೆಯುತ್ತದಲ್ಲ, ಅದೇ ಲೆಕ್ಕ.

ಯಾವಾಗ ಅಂದರೆ, ಹತ್ತು ಹನ್ನೆರಡು ಎಲೆ ಆದ ಮೇಲೆ, ಮತ್ತು ಹೊಸ ಎಲೆ ಬರುತ್ತಿರುವಾಗ ಮಾತ್ರ. ನಾಲ್ಕು ಎಲೆಯ ಗಿಡವನ್ನು ಎರಡೆರಡು ಎಲೆಯ ಎರಡು ಗಿಡ ಮಾಡಲು ಹೋದವರಿಗೆ ಸಿಕ್ಕಿದ್ದು ಹೆಚ್ಚಾಗಿ ಸೊನ್ನೆ ಗಿಡ.

ಒಂದೇ ಥರ ಕಾಣುವ ಗಿಡಕ್ಕೆ ಹತ್ತು ಹೆಸರು, ಹತ್ತು ಬೆಲೆ. ಯಾವುದನ್ನು ನಂಬಲಿ?

ವೇವಿ ಗ್ರೀನ್, ಬ್ರೌನಿ ಘೋಸ್ಟ್, ಗಾಡ್ಜಿಲಾ, ಕೆದಗಾಂಗ್: ಇವೆಲ್ಲ ಮಾರಾಟದ ಹೆಸರು. ಕೆಲವು ಗಿಡ ಸಿಕ್ಕ ಊರು ಬೆಟ್ಟಗಳ ಹೆಸರು, ಬುಕಿತ್ ಕೆಲಾಮ್ ಅಂತ ಒಂದಿದೆಯಲ್ಲ, ಅದು ಪಶ್ಚಿಮ ಕಾಲಿಮಂತಾನಿನ ಒಂದು ಬೆಟ್ಟ. ಉಳಿದವು ಮಾರುವವರ ಕಲ್ಪನೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇರುವುದು ಸುಮಾರು 30 ಜಾತಿ. ಅದೂ 2014ರಲ್ಲಿ ವಾಂಗ್ ಸಿನ್ ಯೆಂಗ್ ಮತ್ತು ಪೀಟರ್ ಬಾಯ್ಸ್ ಈ ಕುಲವನ್ನು ಮತ್ತೆ ಪರಿಶೀಲಿಸಿದ ಮೇಲೆ. ಅದಕ್ಕೂ ಮುಂಚೆ ಹೆಸರಿದ್ದ ಜಾತಿಗಳು ಬೆರಳೆಣಿಕೆಯಷ್ಟೇ. ಹೂ ನೋಡದೆ ಎಲೆಯಿಂದ ಜಾತಿ ಗುರುತಿಸುವುದು ಪಳಗಿದವರಿಗೂ ಕಷ್ಟ, ಬರೀ ಫೋಟೋ ನೋಡಿ ನೀವು ನಾವು ಏನು ಹೇಳಲು ಸಾಧ್ಯ?

ಬಣ್ಣವನ್ನೂ ನಂಬಬೇಡಿ. ಒಂದೇ ಗಿಡ ಒಂದು ತೊಟ್ಟಿಯಲ್ಲಿ ಹಸಿರು, ಇನ್ನೊಂದರಲ್ಲಿ ಕಂದು. ಆ ನವಿಲುಗರಿಯಂಥ ನೀಲಿ ಹೊಳಪಂತೂ ಬೆಳಕು ಬೀಳುವ ಕೋನ ಬದಲಾದರೆ ಮಾಯ. ಜಾಹೀರಾತಿನ ಫೋಟೋದಲ್ಲಿ ಅದು ಯಾಕೆ ಅಷ್ಟು ಹೊಳೆಯುತ್ತದೆ ಅಂತ ಈಗ ಗೊತ್ತಾಯ್ತಲ್ವಾ? ಶುರು ಮಾಡುವವರು ವೇವಿ ಗ್ರೀನ್ ಥರದ ಅಗ್ಗದ ಹಸಿರು ಬಗೆಯನ್ನೇ ತನ್ನಿ. ಗಟ್ಟಿಮುಟ್ಟು, ತಪ್ಪುಗಳನ್ನು ಸಹಿಸುತ್ತದೆ.

ಕಾಡಿನಿಂದ ಕಿತ್ತು ತಂದದ್ದಾ, ಲ್ಯಾಬಿನಲ್ಲಿ ಜೆಲ್ ಮೇಲೆ ಬೆಳೆಸಿ ಕಪ್‌ನಲ್ಲಿ ಮಾರುವುದಾ, ಯಾವುದು ಒಳ್ಳೆಯದು?

ನಾನು ಕಪ್ ಅಥವಾ ಇನ್ನೊಬ್ಬ ಸಾಕುವವರ ತೊಟ್ಟಿಯ ತುಂಡು ಮಾತ್ರ ತೆಗೆದುಕೊಳ್ಳುತ್ತೇನೆ. ಬಂಡೆಯಿಂದ ಒಂದು ಹಿಡಿ ಕಿತ್ತರೆ ಅಲ್ಲಿ ಮತ್ತೆ ಅಷ್ಟು ತುಂಬಲು ಎಷ್ಟು ವರ್ಷ ಬೇಕು ಅಂತ ನಿಮ್ಮ ತೊಟ್ಟಿಯ ಗಿಡ ನೋಡಿದರೆ ಅಂದಾಜಾಗುತ್ತದೆ. ಕೆಲವು ಬಗೆಗಳು ಒಂದೇ ಹಳ್ಳದ ಆಸುಪಾಸಿನಲ್ಲಷ್ಟೇ ಇರುವಂಥವು. ಜೊತೆಗೆ ಕಾಡಿನ ಗಿಡ ಬಂದ ಮೇಲೆ ಕರಗುವುದೂ ಜಾಸ್ತಿ.

ಕಪ್ ಗಿಡ ಪುಟ್ಟದು, ಆದರೆ ಬಸವನಹುಳು, ಪಾಚಿ, ಕೀಟನಾಶಕ ಯಾವುದೂ ಇಲ್ಲ. ಬೇರಿಗೆ ಅಂಟಿದ ಜೆಲ್ಲನ್ನು ಉಗುರುಬೆಚ್ಚಗಿನ ನೀರಲ್ಲಿ ಪೂರ್ತಿ ತೊಳೆಯಿರಿ. ಅದರಲ್ಲಿ ಸಕ್ಕರೆ ಇದೆ, ಉಳಿದರೆ ಬೂಷ್ಟು ಬರುತ್ತದೆ. ಮೊದಲ ಎರಡು ತಿಂಗಳು ಎಳೆ ಮಗುವಿನ ಹಾಗೆ ನೋಡಿಕೊಳ್ಳಬೇಕು, ಅಂದರೆ ದಿನಾ ಮುಟ್ಟಬಾರದು.

ಇಷ್ಟೆಲ್ಲ ಯಾಕೆ, ಅನುಬಿಯಾಸ್ ಸಾಕಲ್ವಾ?

ಸಾಕು. ಅನುಬಿಯಾಸ್ ಇದರದೇ ಕುಟುಂಬ, ಆಫ್ರಿಕಾದ್ದು, ಅಗ್ಗ, ಇನ್ನೂ ಗಟ್ಟಿ. ಮೊದಲ ಗಿಡ ಅದೇ ಇರಲಿ. ಅದು ಆರು ತಿಂಗಳು ನಿಮ್ಮ ಕೈಯಲ್ಲಿ ಬಾಳಿದರೆ ಬ್ಯೂಸ್ ತನ್ನಿ.

ನೀರಿನ ಹೊರಗೆ ಬೆಳೆಸಬಹುದಾ?

ಬೆಳೆಸಬಹುದು, ಬೇಗವೂ ಬೆಳೆಯುತ್ತದೆ, ಗಾಳಿಯಲ್ಲಿ ಸಿಓಟೂ ಸಲೀಸಾಗಿ ಸಿಗುತ್ತದಲ್ಲ. ಮುಚ್ಚಳವಿರುವ ಪಾರದರ್ಶಕ ಡಬ್ಬಿ, ತಳದಲ್ಲಿ ಒದ್ದೆ ಪಾಚಿನಾರು (ನರ್ಸರಿಯಲ್ಲಿ ಸಿಗುವ ಸ್ಫ್ಯಾಗ್ನಮ್ ಮಾಸ್) ಅಥವಾ ಸಣ್ಣ ಜಲ್ಲಿ, ಒಂದು ಬೆರಳು ಮಟ್ಟಕ್ಕಿಂತ ಕಡಿಮೆ ನೀರು. ರೈಜೋಮ್ ಇಲ್ಲೂ ಮೇಲೆಯೇ ಇರಬೇಕು. ನೇರ ಬಿಸಿಲು ಬೇಡ, ಡಬ್ಬಿ ಒಳಗೆ ಬೆಂದುಹೋಗುತ್ತದೆ. ವಾರಕ್ಕೆರಡು ಸಲ ಮುಚ್ಚಳ ತೆಗೆದು ಗಾಳಿಯಾಡಿಸಿ, ಗೊಬ್ಬರವನ್ನು ತುಂಬಾ ತೆಳ್ಳಗೆ ಮಾಡಿ ಸಿಂಪಡಿಸಿ. ಹೂ ಇಲ್ಲಿ ಹೆಚ್ಚು. ಮುಂದೊಂದು ದಿನ ತೊಟ್ಟಿಗೆ ಹಾಕಿದಾಗ ಗಾಳಿಯ ಎಲೆಗಳು ಮತ್ತೆ ಕರಗುತ್ತವೆ, ಆಗ ಮೇಲಿನ ಪ್ರಶ್ನೆಯ ಉತ್ತರ ಇನ್ನೊಮ್ಮೆ ಓದಿಕೊಳ್ಳಿ. ನಾನು ಎಲ್ಲ ಬಗೆಯಲ್ಲೂ ಒಂದೊಂದು ತುಂಡು ಹೀಗೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ತೊಟ್ಟಿಯದು ಕೈಕೊಟ್ಟರೂ ಇದು ಇರುತ್ತದೆ.